ಹೊಲಿಗೆಯೊಳಗೆ ಹೋದ ಚಿತ್ರಗಳು

ನನ್ನ ಮೇಜಿನ ಖಾನೆಯಲ್ಲಿ ಒಂದು ಕೆಂಪು ಟೇಪಿನ ಸುರುಳಿ ಇದೆ. ಅರ್ಧಕ್ಕಿಂತ ಹೆಚ್ಚು ಖರ್ಚಾಗಿದೆ. ನನ್ನನ್ನು ಬಲ್ಲವರು ಇದನ್ನು ನೋಡಿದರೆ ನಂಬಲಿಕ್ಕಿಲ್ಲ. ಪುಸ್ತಕದ ಹತ್ತಿರಕ್ಕೆ ಟೇಪು, ಗೋಂದು, ಪೆನ್ನು, ದೋಸೆ ಮುಟ್ಟಿದ ಕೈ, ಇವ್ಯಾವುದನ್ನೂ ಬಿಟ್ಟುಕೊಳ್ಳದ ಮನುಷ್ಯ ನಾನು. ನೆಂಟರ ಮಗು ನನ್ನ ಕಾಮಿಕ್ಸ್ ಕಪಾಟಿನ ಕಡೆಗೆ ಅಂಬೆಗಾಲಿಟ್ಟರೆ ನಾನು ಕುರ್ಚಿಯಿಂದ ಏಳುವ ರಭಸ ನೋಡಿ ನನ್ನ ಹೆಂಡತಿ, "ಮನೆಗೆ ಬೆಂಕಿ ಬಿದ್ರೂ ಇಷ್ಟು ಬೇಗ ಏಳೋರಲ್ಲ ಇವ್ರು" ಎನ್ನುತ್ತಾಳೆ. ಮಾತು ಸುಳ್ಳಲ್ಲ.

ಕತ್ತರಿ ಹುಡುಕಲು ಖಾನೆ ತೆಗೆದಾಗಲೆಲ್ಲ ಈ ಸುರುಳಿ ಕೈಗೆ ಸಿಗುತ್ತದೆ. ಆಮೇಲೆ ಕತ್ತರಿ ಯಾಕೆ ಬೇಕಿತ್ತೆಂಬುದು ಮರೆತುಹೋಗುತ್ತದೆ. ಸುಮ್ಮನೆ ಕೂರುತ್ತೇನೆ. ಈಚೆಗೆ ಸುಮ್ಮನೆ ಕೂರುವುದು ಜಾಸ್ತಿಯಾಗಿದೆ. ವಯಸ್ಸು ಎನ್ನಬಹುದು, ಆದರೆ ನನ್ನ ವಾರಗೆಯವರು ಬೆಳಿಗ್ಗೆ ಎದ್ದು ಲಾಲ್‌ಬಾಗಿನಲ್ಲಿ ಓಡುತ್ತಾರೆ. ನನಗೆ ಸುಸ್ತು ಬಂದಿರುವುದು ಕಾಲಿಗಲ್ಲ. ಯಾರಾದರೂ ನನ್ನೆದುರು ಕೂತು ಒಂದು ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳತೊಡಗಿದರೆ ಅದನ್ನು ಬರೀ ಅಭಿಪ್ರಾಯವೆಂದು ಕೇಳಿಸಿಕೊಳ್ಳಲು ನನಗೆ ಈಗ ಆಗುತ್ತಿಲ್ಲ. ಅದಕ್ಕೆ ಕಾರಣ ನನ್ನ ಗೆಳೆಯ ವಾಸು. ಅವನ ವಿಷಯ ಹೇಳಬೇಕಾದರೆ ಮೊದಲು ಶೇಷಣ್ಣನ ದಬ್ಬಣದ ವಿಷಯ ಹೇಳಬೇಕು.

ಶೇಷಣ್ಣ ಚಾಮರಾಜಪೇಟೆಯಲ್ಲಿ, ನಾವು ಹುಡುಗರಾಗಿದ್ದಾಗ, ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ಇಟ್ಟಿದ್ದ. ಲೈಬ್ರರಿ ಎಂದರೆ ಒಂದು ಗ್ಯಾರೇಜು. ಹಿಂಭಾಗದಲ್ಲಿ ದೊಡ್ಡವರ ಕಾದಂಬರಿಗಳು, ಮುಂದೆ ನಮ್ಮ ಕೈಗೆಟಕುವ ಎತ್ತರದಲ್ಲಿ ಕಾಮಿಕ್ಸು. ನಾವು ಅವನ್ನು ಅಂಗಿಯೊಳಗೆ ತುರುಕಿಕೊಂಡು ಓಡುತ್ತಿದ್ದೆವು, ದಿಂಬಿನ ಕೆಳಗಿಟ್ಟು ಮಲಗುತ್ತಿದ್ದೆವು. ವಾರದಲ್ಲಿ ಪುಸ್ತಕ ಹಾಳೆಹಾಳೆಯಾಗುತ್ತಿತ್ತು. ಅದಕ್ಕೆ ಶೇಷಣ್ಣ ಒಂದು ಉಪಾಯ ಮಾಡಿದ. ನಾಲ್ಕಾರು ಕಾಮಿಕ್ಸುಗಳನ್ನು ಒಟ್ಟು ಸೇರಿಸಿ, ಮೇಲೆ ಕೆಳಗೆ ರಟ್ಟು ಕೊಟ್ಟು, ಗೋಣಿಚೀಲ ಹೊಲಿಯುವ ದಬ್ಬಣದಿಂದ ಹೊಲಿದುಬಿಟ್ಟ. ಹೊಲಿಗೆ ಬೆನ್ನಿನಿಂದ ಹೆಬ್ಬೆರಳಿನಷ್ಟು ಒಳಕ್ಕೆ ಬಂತು. ಪುಸ್ತಕ ಗಟ್ಟಿಯಾಯಿತು, ಆದರೆ ಬಾಯಿ ಬಿಡುವುದನ್ನು ನಿಲ್ಲಿಸಿತು. ಪ್ರತಿ ಪುಟದ ಒಳಬದಿಯ ಚಿತ್ರವೂ ಮಾತೂ ಹೊಲಿಗೆಯೊಳಗೆ ಹೋದವು.

ನಾನೂ ವಾಸುವೂ ಪುಸ್ತಕವನ್ನು ಸೀಳುವಷ್ಟು ಅಗಲಿಸಿ, ಒಂದು ಕಣ್ಣು ಮುಚ್ಚಿ, ಬಾವಿಯೊಳಗೆ ಬಿದ್ದ ಬಿಂದಿಗೆ ಹುಡುಕುವವರ ಹಾಗೆ ಒಳಗೆ ಇಣುಕುತ್ತಿದ್ದೆವು. ಕಾಣುತ್ತಿರಲಿಲ್ಲ. ಆಗ ವಾಸು ಸೀಮೆಸುಣ್ಣದ ಕಡ್ಡಿ ತಗೊಂಡು, ಅವರ ಮನೆ ಮುಂದಿನ ಚಪ್ಪಡಿಯ ಮೇಲೆ ಒಳಗೆ ಹೋದ ಭಾಗವನ್ನು ಬಿಡಿಸಿ ತೋರಿಸುತ್ತಿದ್ದ. ಒಂದು ಕಥೆಯಲ್ಲಿ ಖಳನ ತೋಳು ಮಾತ್ರ ಹೊಲಿಗೆಯಿಂದ ಆಚೆ ಚಾಚಿಕೊಂಡಿತ್ತು, ಕೈಯಲ್ಲೇನಿದೆ ಗೊತ್ತಿಲ್ಲ. ವಾಸು ಆ ಕೈಗೆ ಒಂದು ರಿವಾಲ್ವರ್ ಕೊಟ್ಟ. ನಳಿಕೆಯಿಂದ ಹೊಗೆ ಬರುತ್ತಿತ್ತು. ಎಷ್ಟೋ ದಿನ ಆದ ಮೇಲೆ ಅವೆನ್ಯೂ ರಸ್ತೆಯ ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ಅದೇ ಪುಸ್ತಕದ ಬಿಡಿ ಪ್ರತಿ ಸಿಕ್ಕಿತು. ಆತುರದಿಂದ ತೆರೆದು ನೋಡಿದರೆ ಖಳನ ಕೈಯಲ್ಲಿದ್ದದ್ದು ಕೊಡೆ.

"ಥೂ," ಎಂದೆ ನಾನು, "ನೀನು ಬಿಡಿಸಿದ್ದೇ ಚೆನ್ನಾಗಿತ್ತಲ್ಲೋ."

"ಅವರಿಗೆ ಬರಲ್ಲ ಬಿಡೋ," ಎಂದು ಅವನೂ ಒಪ್ಪಿಕೊಂಡ.

ಅವತ್ತಿನಿಂದ ನಮ್ಮಿಬ್ಬರ ನಡುವೆ, ಗೊತ್ತಿಲ್ಲದ್ದು, ಹೇಳಲಾಗದ್ದು ಎಲ್ಲಕ್ಕೂ ಒಂದೇ ಮಾತಾಯಿತು: ಹೊಲಿಗೆಯೊಳಗೆ ಹೋಗಿದೆ. ಲೆಕ್ಕದ ಪರೀಕ್ಷೆಯಲ್ಲಿ ಬರೆಯದೆ ಬಂದ ಉತ್ತರ ಹೊಲಿಗೆಯೊಳಗೆ ಹೋಗಿದೆ. ನೋಡಿಬಂದ ಹುಡುಗಿಯ ಮನೆಯವರು ಏನೂ ಹೇಳಿಕಳಿಸಲಿಲ್ಲ, ಅದೂ ಹೊಲಿಗೆಯೊಳಗೇ. ಇಲ್ಲದ ಭಾಗವನ್ನು ನಾವೇ ತುಂಬಿಕೊಂಡು ಓದುವುದು ನಮಗೆ ಓದಿನ ಕಷ್ಟವೆನಿಸಲಿಲ್ಲ, ಓದೆಂದರೆ ಅದೇ ಎಂದುಕೊಂಡು ಬೆಳೆದೆವು.

ವಾಸು ಮುಂದೆ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟರಾದ. ನಾನು ಸರ್ಕಾರಿ ಕಚೇರಿಯಲ್ಲಿ ಜಮೀನಿನ ನಕಾಶೆಗಳನ್ನು ತಾಳೆ ನೋಡುವ ಕೆಲಸಕ್ಕೆ ಸೇರಿದೆ. ಕಾಮಿಕ್ಸ್ ಮಾತ್ರ ಬಿಡಲಿಲ್ಲ. ತಲೆ ನರೆತ ಮೇಲೂ ಕೊಳ್ಳುತ್ತೇವೆ. ಅಂಗಡಿಯವರು, "ಮೊಮ್ಮಗನಿಗಾ ಸಾರ್? ಗಿಫ್ಟ್ ಪ್ಯಾಕ್ ಮಾಡ್ಲಾ?" ಎಂದು ಕೇಳುತ್ತಾರೆ. ವಾಸು, "ಹೂಂ, ಮಾಡಿ," ಎಂದು ಹೇಳಿ ಬಣ್ಣದ ಕಾಗದ ಸುತ್ತಿಸಿಕೊಂಡು, ಅಂಗಡಿ ದಾಟಿದ ಮೇಲೆ ರಸ್ತೆಯಲ್ಲೇ ಅದನ್ನು ಹರಿಯುತ್ತಾನೆ.

ಭಾನುವಾರ ಬೆಳಿಗ್ಗೆ ನಾವು ಬಸವನಗುಡಿಯ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ನಾವೆಂದರೆ ನಾಲ್ಕೇ ಜನ. ನಾನು, ವಾಸು, ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ರಂಗ, ಮತ್ತು ಮೆಟ್ರೋ ಸ್ಟೇಷನ್ನಿನಲ್ಲಿ ಕೆಲಸ ಮಾಡುವ ಮೈತ್ರಿ. ಮೈತ್ರಿಗೆ ನಮ್ಮ ಅರ್ಧ ವಯಸ್ಸು. ಒಂದು ಭಾನುವಾರ ಪಕ್ಕದ ಮೇಜಿನಲ್ಲಿದ್ದವಳು ನಮ್ಮ ವಾದ ಕೇಳಲಾಗದೆ, "ಅಂಕಲ್, ಸಾರಿ, ನೀವು ಮೂರು ಜನಾನೂ ತಪ್ಪು," ಎಂದು ಕುರ್ಚಿ ಎಳೆದುಕೊಂಡು ಬಂದಳು. ಆಮೇಲೆ ವಾಪಸು ಹೋಗಲಿಲ್ಲ.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಓದಿ ಮುಗಿಸಿದ ಪುಸ್ತಕದ ಬಗ್ಗೆ ಮಾತಾಡುವಂತಿಲ್ಲ. ಮುಗಿಸಿದವನು ಪಂಡಿತನಾಗಿಬಿಡುತ್ತಾನೆ, ಅವನ ಮಾತು ಭಾಷಣವಾಗುತ್ತದೆ ಎಂಬುದು ವಾಸುವಿನ ವಾದ. ಈಗ ಓದುತ್ತಿರುವುದು, ನಡುವೆ ನಿಂತಿರುವುದು, ಅದರ ಬಗ್ಗೆ ಮಾತ್ರ ಹೇಳಬೇಕು. ಹೇಳುವಾಗ ಪುಸ್ತಕ ಚೀಲದಲ್ಲೇ ಇರಬೇಕು. ಇನ್ನೊಬ್ಬರು ಅದನ್ನು ಕಸಿದು ಪುಟ ತಿರುವುವಂತಿಲ್ಲ. ಓದುತ್ತಿರುವವನು ತನ್ನ ಬಾಯಲ್ಲೇ ಚಿತ್ರ ತೋರಿಸಬೇಕು, ಉಳಿದವರು ಅದನ್ನು ನಂಬಿಕೊಂಡು ವಾದಿಸಬೇಕು. ಈ ಕಟ್ಟುಪಾಡಿನಿಂದ ನಮಗೆ ಎಷ್ಟು ಸುಖ ಸಿಕ್ಕಿದೆಯೆಂದು ಹೇಳಲಾರೆ. ಕೆಡುಕಾದದ್ದೂ ಅದರಿಂದಲೇ.

ಕಳೆದ ಮಳೆಗಾಲದಲ್ಲಿ ವಾಸು ಯುರೋಪಿನ ಯಾವುದೋ ಪತ್ತೇದಾರಿ ಸರಣಿ ಹಿಡಿದಿದ್ದ. ಒಂದು ಭಾನುವಾರ ಕಾಫಿ ಬರುವ ಮೊದಲೇ ಶುರುಮಾಡಿದ.

"ಈ ಹೊಸ ಭಾಗ ಬರೆದೋನಿಗೆ ತಲೆ ಕೆಟ್ಟಿದೆ ಕಣ್ರೋ. ಯಾವುದಕ್ಕೂ ಶುರುನೇ ಇಲ್ಲ. ಎಲ್ಲಾರೂ ಉತ್ತರ ಕೊಡ್ತಾ ಇರ್ತಾರೆ, ಪ್ರಶ್ನೆ ಕೇಳೋರೇ ಇಲ್ಲ. ಪತ್ತೇದಾರ ಬಾಗಿಲು ತಟ್ಟಲ್ಲ, ಏನಿಲ್ಲ, ಆಗ್ಲೇ ಒಳಗೆ ಕೂತಿರ್ತಾನೆ."

"ಅದು ಕಟಿಂಗ್ ಮಿಸ್ಟೇಕು ಗುರು," ಎಂದ ರಂಗ. ಲೋಕದ ಎಲ್ಲ ಕೆಡುಕಿಗೂ ಅವನಿಗೆ ಪ್ರೆಸ್ಸಿನಲ್ಲಿ ಕಾರಣ ಸಿಗುತ್ತದೆ. "ಪೇಪರ್ ಜೋಡಿಸುವಾಗ ಒಂಚೂರು ಸರಿದ್ರೆ ಸಾಕು, ಬ್ಲೇಡು ಅಕ್ಷರ ತಿಂದ್ಬಿಡತ್ತೆ. ನಮ್ಮಲ್ಲೇ ಒಂದು ಕಾರ್ಡಲ್ಲಿ ಹುಡುಗಿ ಹೆಸರೇ ಹೋಗ್ಬಿಟ್ಟಿತ್ತು. ಗಂಡಿನ ಕಡೆಯೋರು ಏನೂ ಅನ್ಲಿಲ್ಲ. ಹೆಣ್ಣಿನ ಕಡೆಯೋರು ಬಂದು ಅಂಗಡೀಲೇ ಚಾಪೆ ಹಾಕ್ಕೊಂಡು ಕೂತ್ರು."

"ಕಟಿಂಗ್ ಸರಿಯಾಗೇ ಇದೆ ಕಣೋ. ಬರೆದೋನೇ ಸರಿ ಇಲ್ಲ."

ನಾನು ಅವತ್ತು ಬರೆದವನ ಪರ ವಹಿಸಿದೆ. ಓದುವವನನ್ನು ನಂಬುವ ಬರಹಗಾರ ಹಾಗೇ ಮಾಡುತ್ತಾನೆ, ಪ್ರಶ್ನೆಯನ್ನು ನಮಗೇ ಬಿಡುತ್ತಾನೆ ಎಂದೆ. "ಶೇಷಣ್ಣ ದಬ್ಬಣದಲ್ಲಿ ಮಾಡಿದ್ದನ್ನ ಇವನು ಪೆನ್ನಲ್ಲಿ ಮಾಡ್ತಿದಾನೆ ಅಂದ್ಕೊ," ಎಂದು ಸೇರಿಸಿದೆ. ಆ ಹೋಲಿಕೆ ನನಗೆ ಬಹಳ ಹಿಡಿಸಿತು. ಅವತ್ತು ಮನೆಗೆ ನಡೆದು ಹೋಗುವಾಗಲೂ ಅದನ್ನು ಒಂದು ಸಲ ಮನಸ್ಸಿನಲ್ಲೇ ಹೇಳಿಕೊಂಡೆ.

ಮುಂದಿನ ವಾರ ಮೈತ್ರಿ ಅವನಿಗೊಂದು ಜಪಾನಿ ಕಾಮಿಕ್ಸ್ ಕೊಟ್ಟಳು. ಅಂಥ ಪುಸ್ತಕಗಳನ್ನು ನಮ್ಮ ಲೆಕ್ಕದಲ್ಲಿ ಹಿಂದಿನಿಂದ ತೆರೆಯಬೇಕು, ಸಾಲುಗಳನ್ನು ಬಲದಿಂದ ಎಡಕ್ಕೆ ಓದಬೇಕು. ವಾಸುವಿಗೆ ಅವೆಂದರೆ ಆಗುತ್ತಿರಲಿಲ್ಲ. "ಎಲೆ ಮುಂದೆ ಕೂತು ಮಜ್ಜಿಗೆಯಿಂದ ಶುರು ಮಾಡಿದ ಹಾಗೆ" ಎಂದು ಮೂಗು ಮುರಿಯುತ್ತಿದ್ದ. ಮರು ಭಾನುವಾರ ಮಾತ್ರ ಇದನ್ನು ಹೊಗಳುತ್ತಲೇ ಬಂದ.

"ಏನಮ್ಮ ಮೈತ್ರಿ, ಇಷ್ಟು ದಿನ ಯಾಕೆ ಕೊಡ್ಲಿಲ್ಲ ಇದನ್ನ? ಒಂದು ಬಂದರು. ಅಲ್ಲೊಬ್ಬಳು ಗಂಡ ಸತ್ತೋಳು, ಟೀ ಅಂಗಡಿ ಇಟ್ಟಿದಾಳೆ. ಬೆಳಿಗ್ಗೆ ಎದ್ದು ಎರಡು ಬಟ್ಟಲು ತೊಳೀತಾಳೆ. ಕೂರ್ತಾಳೆ. ಟೀ ಬಗ್ಗಿಸ್ತಾಳೆ. ಎದುರಿಗೆ ಯಾರೂ ಇಲ್ಲ. ಯಾರಿಗೂ ಅಲ್ಲದ ಟೀ ಬಗ್ಗಿಸ್ತಾಳೆ, ಬಗ್ಗಿಸಿ ತಲೆ ಆಡಿಸ್ತಾಳೆ, ಯಾರೋ ಏನೋ ಅಂದ ಹಾಗೆ. ಒಂದು ಮಾತಿಲ್ಲ. ಇಡೀ ಪುಟಕ್ಕೆ ಒಂದು ಮಾತಿಲ್ಲ."

ಅವನ ಕಣ್ಣು ತೇವವಾಗಿತ್ತು. ರಂಗ ಚಮಚ ಕೆಳಗಿಟ್ಟ. ಹಿಂದೆ ತಟ್ಟೆ ಲೋಟಗಳ ಸದ್ದು, ಟೋಕನ್ ಕೂಗುವವನ ಗಂಟಲು, ಎಲ್ಲ ಇದ್ದವು. ಆದರೂ ನನಗೆ ಆ ಹೆಂಗಸು ಕಂಡಳು, ಅವಳ ಕೈಯಲ್ಲಿದ್ದ ಕೆಟಲೂ ಕಂಡಿತು. ಮೈತ್ರಿ, "ನಾನು ಓದಿದಾಗ ಇಷ್ಟು ಅನಿಸ್ಲೇ ಇಲ್ಲ ಅಂಕಲ್. ಬೇಗ ಬೇಗ ಓದ್ಬಿಟ್ಟೆ ಅನ್ಸತ್ತೆ," ಎಂದಳು.

ನಾನು ಕಂಡದ್ದನ್ನು ಕ್ರಮವಾಗಿ ಹೇಳಬೇಕು. ಬೇರೆ ಸಂಗತಿಗಳೂ ನಡೆಯುತ್ತಿದ್ದವು. ವಾಸು ಒಂದು ಭಾನುವಾರ ಎಡಗೆನ್ನೆ ಬೋಳಿಸಿಕೊಳ್ಳದೆ ಬಂದ. ರಂಗ, "ಏನೋ ಮಗಾ, ಅರ್ಧ ಶೇವಿಂಗಾ? ಉಳಿದಿದ್ದು ಮುಂದಿನ ಸಂಚಿಕೆಗಾ?" ಎಂದ. ವಾಸು ಗದ್ದ ಸವರಿಕೊಂಡು ನಕ್ಕ. ಇನ್ನೊಂದು ಸಲ ಒಳಗೆ ಬರುವಾಗ ಬಾಗಿಲ ಪಟ್ಟಿಗೆ ಎಡಭುಜ ತಾಗಿಸಿಕೊಂಡ. ಭಾನುವಾರದ ಗದ್ದಲದಲ್ಲಿ ಯಾರು ಯಾವುದಕ್ಕೆ ತಾಗಿಸಿಕೊಳ್ಳುವುದಿಲ್ಲ? ಒಂದು ವಾರ ಮೈತ್ರಿ ಅವನ ಎಡಕ್ಕೆ ಕೂತು ಎರಡು ಸಲ ಮಾತಾಡಿಸಿದರೂ ಅವನು ಉತ್ತರ ಕೊಡಲಿಲ್ಲ. ತಾನು ಅವನ ಮೆಚ್ಚಿನ ಕಲಾವಿದನನ್ನು ಬೈದದ್ದಕ್ಕೆ ಕೋಪವಿರಬೇಕೆಂದು ಅವಳಂದುಕೊಂಡಳು. ಮರುವಾರ ಬಲಕ್ಕೆ ಕೂತಳು. "ಬಾಮ್ಮ, ಹೋದ ವಾರ ಯಾಕೆ ಬರ್ಲಿಲ್ಲ?" ಎಂದು ಅವನು ಪ್ರೀತಿಯಿಂದಲೇ ಕೇಳಿದ. ಕೆಣಕುತ್ತಿದ್ದಾನೆ, ಅಂದರೆ ಕೋಪ ಇಳಿದಿದೆ ಎಂದು ಅವಳಿಗೆ ಸಮಾಧಾನವಾಯಿತು.

ಇವೆಲ್ಲ ಒಂದೊಂದೇ ಬಂದವು. ಒಂದರ ಪಕ್ಕ ಒಂದನ್ನಿಟ್ಟು ನೋಡುವ ಕೆಲಸಕ್ಕೇ ನನಗೆ ಸಂಬಳ ಕೊಡುತ್ತಾರೆ. ಭಾನುವಾರ ಆ ಕೆಲಸಕ್ಕೆ ರಜೆ ಇರುತ್ತದೆ.

ರಂಗ ಬರುವಾಗ ಅಚ್ಚಿನಲ್ಲಿ ಹಾಳಾದ ಮದುವೆ ಕಾರ್ಡುಗಳನ್ನು ತರುತ್ತಾನೆ. ಹಿಂಬದಿ ಖಾಲಿ ಇರುತ್ತದೆ, ಕಾಗದ ದಪ್ಪ. ಬಾಯಲ್ಲಿ ಹೇಳಿ ಸಾಲದಾದಾಗ ವಾಸು ಅದರ ಮೇಲೆ ಬಿಡಿಸಿ ತೋರಿಸುತ್ತಾನೆ. ಒಂದು ಭಾನುವಾರ ಟೀ ಅಂಗಡಿಯ ಹೆಂಗಸಿನ ಇನ್ನೊಂದು ಪುಟದ ಬಗ್ಗೆ ಮಾತು ಬಂತು. ವಾಸು ಕಾರ್ಡು ಎಳೆದುಕೊಂಡು ಪೆನ್ನು ತೆಗೆದ. ಅವನ ಗೆರೆ ನಾನು ಎಳವೆಯಿಂದ ನೋಡಿದ ಗೆರೆ. ನಡುಗುವುದಿಲ್ಲ, ಹಿಂದೆ ಬರುವುದಿಲ್ಲ. ಚಿತ್ರದ ಚೌಕಕ್ಕೆ ಮೇಲಿನ ಗೆರೆ ಎಳೆದ. ಬಲದ ಗೆರೆ ಇಳಿಸಿದ. ಕೆಳಗಿನ ಗೆರೆ ಎಳೆದ. ಒಳಗೆ ಹೆಂಗಸಿನ ಮುಖ ತೆಗೆದ. ಒಂದು ಕಣ್ಣು, ಅದರ ರೆಪ್ಪೆ, ಒಂದು ಕಿವಿ, ಅರ್ಧ ಹಣೆ, ಅರ್ಧ ತುಟಿ. ಮೂಗಿನ ನಡುವಿಗೆ ಬಂದು ಪೆನ್ನು ನಿಂತಿತು. ಕ್ಯಾಪು ಹಾಕಿದ. ಎಲ್ಲವೂ ಕಾರ್ಡಿನ ಬಲ ಅರ್ಧದಲ್ಲಿತ್ತು.

"ಸೂಪರ್ ಅಂಕಲ್!" ಎಂದಳು ಮೈತ್ರಿ. "ಇದನ್ನ ಫ್ರೇಮ್ ಹಾಕಿಸ್ಬೇಕು."

"ಈ ಕಡೆ ಯಾಕೆ ಜಾಗ ಬಿಟ್ಟಿದೀಯಾ?" ಎಂದ ರಂಗ. "ಮದುಮಗನ ಫೋಟೋಗಾ?"

"ಯಾವ ಜಾಗ?" ಎಂದ ವಾಸು.

ಅವನು ತಮಾಷೆಗೆ ಕೇಳಲಿಲ್ಲ. ನಾನು ಕಾರ್ಡು ನೋಡಿದೆ. ಚೌಕಕ್ಕೆ ಎಡಗೆರೆ ಇರಲಿಲ್ಲ. ನಕಾಶೆಯಲ್ಲಿ ಗಡಿಗೆರೆ ಒಂದು ಕಡೆ ಮುಚ್ಚದಿದ್ದರೆ ನನ್ನ ಕೈ ತಾನಾಗಿಯೇ ನಿಲ್ಲುತ್ತದೆ, ಅವತ್ತು ಲೋಟದ ಮೇಲಿದ್ದ ಕೈ ಹಾಗೆ ನಿಂತಿತು.

"ವಾಸು," ಎಂದೆ, "ಚೌಕ ಮುಚ್ಚೋ."

"ಮುಚ್ಚಿದೀನಲ್ಲೋ ಸೀನ."

ನಾನು ಕಾರ್ಡನ್ನು ನನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ನೋಡಿದೆ. ಮತ್ತೆ ಅವನ ಮುಂದೆ ಇಡುವಾಗ ಅದನ್ನು ತಿರುಗಿಸಲು ಮರೆತೆ. ತಲೆಕೆಳಗಾಗಿಯೇ ಇಟ್ಟೆ. ಚಿತ್ರ ಈಗ ಅವನ ಎಡಕ್ಕೆ ಬಂತು, ಖಾಲಿ ಭಾಗ ಬಲಕ್ಕೆ. ಅವನು ಕಾರ್ಡನ್ನೇ ನೋಡಿದ. ಆಮೇಲೆ ಮುಖ ಎತ್ತಿ, ನನ್ನ ಕೈ ನೋಡಿ, ಮೇಜಿನ ಮೇಲೆ ಹುಡುಕಿದ.

"ಯಾಕೋ ಖಾಲಿ ಕಾರ್ಡ್ ಕೊಡ್ತೀಯಾ? ನನ್ನ ಚಿತ್ರ ಎಲ್ಲಿ?"

ಮೈತ್ರಿ ನಗಲು ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿದಳು. ಅವನ ತಟ್ಟೆ ಎದುರಿಗೇ ಇತ್ತು. ದೋಸೆಯ ಬಲ ಅರ್ಧ ಹೋಗಿತ್ತು. ಎಡ ಅರ್ಧ ಮುಟ್ಟದೆ ಹಾಗೇ ಇತ್ತು, ಚಟ್ನಿಯ ಬಟ್ಟಲೂ ಅಲ್ಲೇ ಇತ್ತು. ಇವತ್ತು ಚಟ್ನಿ ಕೊಡಲಿಲ್ಲವೆಂದು ಅವನು ಸ್ವಲ್ಪ ಹೊತ್ತಿಗೆ ಮುಂಚೆ ಸಪ್ಲೈಯರನ್ನು ಗದರಿದ್ದ. ಆ ಹುಡುಗ, "ಅಲ್ಲೇ ಇದೆಯಲ್ಲ ಸಾರ್" ಎಂದದ್ದಕ್ಕೆ ನಾವೆಲ್ಲ ಸೇರಿ ನಕ್ಕಿದ್ದೆವು.

ಆಟೋದಲ್ಲಿ ಅವನು ದಾರಿಯುದ್ದಕ್ಕೂ ವಾದಿಸಿದ. ತನಗೇನೂ ಆಗಿಲ್ಲ, ತಲೆನೋವಿಲ್ಲ, ಎಲ್ಲ ಚೆನ್ನಾಗಿ ಕಾಣುತ್ತಿದೆ. ಅವನು ಹೇಳಿದ್ದು ನಿಜ. ಅವನಿಗೆ ಕಾಣುತ್ತಿದ್ದದ್ದೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಅವನ ಹೆಂಡತಿ ಪದ್ಮಾಗೆ ಫೋನು ಮಾಡಿ ಆಸ್ಪತ್ರೆಯ ಹೆಸರು ಹೇಳಿದೆ. ಏನಾಯಿತೆಂದು ಕೇಳಿದಳು. ಏನಾಯಿತೆಂದು ಹೇಳಲು ನನ್ನಲ್ಲಿ ಒಂದು ಅರ್ಧ ಚಿತ್ರ ಮಾತ್ರ ಇತ್ತು.

ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಕ್ಯಾನ್ ನೋಡಿ ಬಂದು ಪದ್ಮಾಳನ್ನೂ ನನ್ನನ್ನೂ ಕೂರಿಸಿ ನಿಧಾನವಾಗಿ ವಿವರಿಸಿದಳು. ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ. ಸಣ್ಣದೇ, ಆದರೆ ಕೆಲವು ವಾರಗಳ ಹಿಂದೆಯೇ ಆಗಿರಬೇಕು. ಕಣ್ಣಿಗೆ ತೊಂದರೆಯಿಲ್ಲ. ಮಿದುಳು ಎಡಗಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಕತ್ತಲೆ ಕಂಡಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಅಲ್ಲಿ ಏನೋ ಇಲ್ಲ ಎಂಬುದೇ ಅವರಿಗೆ ಗೊತ್ತಾಗುತ್ತಿಲ್ಲ.

"ಅವ್ರು ಏನಾದ್ರೂ ಕಂಪ್ಲೇಂಟ್ ಮಾಡಿದ್ರಾ?" ಎಂದು ಕೇಳಿದಳು.

"ಮಾಡಿದ್ರು," ಎಂದೆ. "ಕಥೆ ಬರೆದೋನ ಬಗ್ಗೆ."

ಅವಳಿಗೆ ಅರ್ಥವಾಗಲಿಲ್ಲ. ಪ್ರಶ್ನೆಗಳಿಲ್ಲದ ಪತ್ತೇದಾರನ ಕಥೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ನಡುವೆ ಎಲ್ಲೋ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತ ಕೂತಳು. "ಅಷ್ಟು ವಾರ ನೀವೆಲ್ಲ ಏನಂದ್ಕೊಂಡ್ರಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಆರೋಪವಿರಲಿಲ್ಲ, ಕುತೂಹಲವಿತ್ತು. ಅವನು ಹೇಳಿದ್ದನ್ನು ನಾವು ಒಪ್ಪಲಿಲ್ಲ, ಅಷ್ಟೇ ಎಂದೆ. ಒಬ್ಬ ಮನುಷ್ಯನಿಗೆ ಅರ್ಧ ಜಗತ್ತು ಹೋಗಿತ್ತು, ನಾವು ಅದಕ್ಕೆ ಭಿನ್ನಾಭಿಪ್ರಾಯ ಸೂಚಿಸುತ್ತ ಕೂತಿದ್ದೆವು. ಶೇಷಣ್ಣನ ದಬ್ಬಣದ ವಿಷಯ ಮಾತ್ರ ಅವಳಿಗೆ ಹೇಳಲಿಲ್ಲ. ಅದನ್ನು ಹೇಳದಿದ್ದುದರಿಂದ ಉಳಿದ ಕಥೆಯೂ ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ.

ಔಷಧಿ ಶುರುವಾಯಿತು. ವಾಸು ಮನೆಗೆ ಬಂದ. ಎಡಗಡೆ ವಾಪಸು ಬರುತ್ತದೆಯೇ ಎಂದರೆ, ಅಭ್ಯಾಸ ಮಾಡಿಸಿ, ಬಂದಷ್ಟು ಬರುತ್ತದೆ ಎಂದರು ಆಸ್ಪತ್ರೆಯವರು. ಓದಿನ ಅಭ್ಯಾಸಕ್ಕೆ ಒಂದು ದಾರಿ ಹೇಳಿಕೊಟ್ಟರು: ಪುಟದ ಎಡ ಅಂಚಿಗೆ ಮೇಲಿಂದ ಕೆಳಗೆ ಒಂದು ಕೆಂಪು ಪಟ್ಟಿ ಅಂಟಿಸಬೇಕು. ಕೆಂಪು ಸಿಗುವವರೆಗೂ ಕಣ್ಣನ್ನು ಎಡಕ್ಕೆ ಎಳೆಯಬೇಕು. ಅದು ಸಿಕ್ಕ ಮೇಲೇ ಓದಲು ಶುರುಮಾಡಬೇಕು.

ಪದ್ಮಾ ಅವನ ಕಪಾಟಿನ ಕೆಲವು ಪುಸ್ತಕಗಳಿಗೆ ಪಟ್ಟಿ ಹಚ್ಚಿ ಓದಿಸಿದಳು. ಒಂದು ಸಂಜೆ ನನಗೆ ಫೋನು ಮಾಡಿದಳು.

"ಸೀನಣ್ಣ, ಇವ್ರು ನನ್ನ ಏಮಾರಿಸ್ತಿದಾರೆ. ಎಲ್ಲ ಬಾಯಿಪಾಠ ಬರತ್ತೆ ಇವ್ರಿಗೆ. ಕೆಂಪು ನೋಡ್ದೇನೇ ಪಟಪಟ ಅಂತ ಹೇಳ್ಬಿಡ್ತಾರೆ. ಇವ್ರು ಓದ್ದೇ ಇರೋ ಪುಸ್ತಕ ಬೇಕು." ಸ್ವಲ್ಪ ತಡೆದು ಹೇಳಿದಳು, "ಸ್ಕೂಲಿಗೆ ಯಾವಾಗ ಹೋಗ್ಲಿ ಅಂತ ದಿನಾ ಕೇಳ್ತಾರೆ. ಎಡಗಡೆ ಕಾಣ್ದೆ ಇದ್ರೆ ಕ್ಲಾಸಲ್ಲಿ ಅರ್ಧ ಮಕ್ಕಳು ಕಾಣಲ್ಲ ಅಂತ ಹೇಗೆ ಹೇಳೋದು ನಾನು?"

ವಾಸು ಓದದ ಕಾಮಿಕ್ಸು ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಹುಡುಕಿದರೂ ಸಿಗುವುದು ಕಷ್ಟ. ಒಂದು ಮಾತ್ರ ಇತ್ತು, ನನ್ನ ಕಪಾಟಿನಲ್ಲಿ. ದೀಪಸ್ತಂಭ ಕಾಯುವ ಮುದುಕನ ಕಥೆ, ಕಪ್ಪುಬಿಳುಪು, ದಪ್ಪ ಸಂಪುಟ. ಈಗ ಎಲ್ಲಿಯೂ ದೊರೆಯುವುದಿಲ್ಲ. ವರ್ಷಗಳಿಂದ ವಾಸು ಕೇಳುತ್ತಿದ್ದ, ನಾನು ಕೊಟ್ಟಿರಲಿಲ್ಲ. ಅವನು ಪುಸ್ತಕವನ್ನು ಮಗುಚಿಡುತ್ತಾನೆ, ಬೆನ್ನು ಬಿರಿಯುತ್ತದೆ.

ಸುಲ್ತಾನ್‌ಪೇಟೆಯಲ್ಲಿ ರಂಗನ ಅಂಗಡಿಯ ಹಿಂದೆ, ಅಂಟು ಮತ್ತು ಶಾಯಿಯ ವಾಸನೆಯ ನಡುವೆ ನಾವಿಬ್ಬರು ಆ ಕೆಲಸಕ್ಕೆ ಕೂತೆವು. ರಂಗ ಉಕ್ಕಿನ ಅಡಿಕೋಲಿಟ್ಟು ಟೇಪನ್ನು ಸಣ್ಣ ಪಟ್ಟಿಗಳಾಗಿ ಸೀಳಿದ. ಮೊದಲ ಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ನನ್ನ ಮುಖ ನೋಡಿದ.

"ಮಗಾ, ನಿಜವಾಗ್ಲೂ ಅಂಟಿಸ್ಲಾ? ಇದು ಕಿತ್ರೆ ಪೇಪರ್ ಸಮೇತ ಬರತ್ತೆ. ಆಮೇಲೆ ನನ್ನ ಬೈಬೇಡ."

"ಇಲ್ಲಿ ಕೊಡು," ಎಂದೆ.

ಮೊದಲನೆಯದನ್ನು ನಾನೇ ಅಂಟಿಸಿದೆ. ಅಂಟಿಸುವಾಗ ಉಸಿರು ಹಿಡಿದಿದ್ದೆನೆಂದು ರಂಗ ಈಗಲೂ ಎಲ್ಲರಿಗೂ ಹೇಳುತ್ತಾನೆ. ಪುಟ ತಿರುವುತ್ತಾ ಹೋದ ಹಾಗೆ ಅಭ್ಯಾಸವಾಯಿತು. ಬಲಪುಟಗಳಲ್ಲಿ ಎಡ ಅಂಚು ಬೆನ್ನಿನ ಹತ್ತಿರ ಬರುತ್ತದೆ. ಪಟ್ಟಿ ಅಲ್ಲಿಗೆ ಇಳಿಯಬೇಕಾದರೆ ಪುಸ್ತಕವನ್ನು ಪೂರ್ತಿ ಅಗಲಿಸಿ ಒತ್ತಬೇಕು. ಒತ್ತಿದೆ. ಬೆನ್ನು ಬಿರಿದ ಸದ್ದು ಕೇಳಿಸಿತು. ರಂಗ ಮುಂದಿನ ಪಟ್ಟಿ ನನ್ನ ಕೈಗೆ ಕೊಟ್ಟ.

ವಾಸು ಅದನ್ನು ಓದಿದ. ಎಷ್ಟೋ ವಾರ ಹಿಡಿಯಿತು. ಚಾಮರಾಜಪೇಟೆಯ ಅವರ ಮನೆಯ ಜಗುಲಿಯಲ್ಲಿ ಕೂತು, ಪ್ರತಿ ಸಾಲಿಗೂ ಮುಖವನ್ನು ಎಡಕ್ಕೆ ತಿರುಗಿಸಿ, ಹಗ್ಗ ಜಗ್ಗಿದ ಹಾಗೆ ಕಣ್ಣನ್ನು ಎಳೆದುಕೊಂಡು ಹೋಗುತ್ತಿದ್ದ. ಅಷ್ಟಕ್ಕೇ ಬೆವರುತ್ತಿದ್ದ. ಒಳಗಿನಿಂದ ಪದ್ಮಾ, "ಕೆಂಪು ಸಿಕ್ತಾ?" ಎನ್ನುತ್ತಿದ್ದಳು. "ಸಿಕ್ತು ಕಣೇ," ಎಂದು ಅವನು ರೇಗುತ್ತಿದ್ದ. ಕೆಲವು ಸಲ ಸಿಗದಿದ್ದರೂ ಸಿಕ್ಕಿತೆನ್ನುತ್ತಿದ್ದ. ಆಗ ಪದ್ಮಾ ಬಂದು ಅವನ ಬೆರಳು ಹಿಡಿದು ಅಂಚಿಗೆ ಒಯ್ದು ಇಡುತ್ತಿದ್ದಳು. ನೋಡುತ್ತ ಕೂತವನಿಗೂ ಸುಸ್ತಾಗುತ್ತಿತ್ತು. ಮನೆಗೆ ಬಂದು ನಾನು ಯಾವ ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ.

ಒಂದು ಭಾನುವಾರ ಮೈತ್ರಿ ಆ ಜಪಾನಿ ಪುಸ್ತಕಕ್ಕೂ ಪಟ್ಟಿ ಹಚ್ಚಿ ಅವರ ಜಗುಲಿಗೆ ತಂದಳು. ಅದರಲ್ಲಿ ಕೆಂಪು ಸಾಲಿನ ಕೊನೆಗೆ ಬರುತ್ತದೆ. "ಕೆಂಪು ಬರೋವರೆಗೂ ನಿಲ್ಲಿಸ್ಬೇಡಿ ಅಂಕಲ್," ಎಂದು ಹೇಳಿ, ಟೀ ಬಗ್ಗಿಸುವ ಪುಟವನ್ನೇ ತೆಗೆದುಕೊಟ್ಟಳು. ಆ ಪುಟವನ್ನು ಅವಳು ಮನೆಯಲ್ಲಿ ಮತ್ತೆ ನೋಡಿದ್ದಳೆಂದು ಕಾಣುತ್ತದೆ. ನಮ್ಮ ಮುಖ ನೋಡದೆ ರಸ್ತೆಯ ಕಡೆ ತಿರುಗಿ ಕೂತಳು.

ವಾಸು ಬಲದಿಂದ ಹೊರಟ. ಹೆಂಗಸು, ಕೆಟಲು, ಬಟ್ಟಲು. ಅಲ್ಲಿ ನಿಂತ. ಆಮೇಲೆ ಮುಖ ತಿರುಗಿಸಿ, ನಿಧಾನವಾಗಿ, ಎಡಕ್ಕೆ ಹೋದ. ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ಕಣ್ಣು ಪುಟ ದಾಟಿ ಅಂಚಿಗೆ ಮುಟ್ಟಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಈ ಸಲ ಯಾರೂ ಕೆಂಪು ಸಿಕ್ಕಿತೇ ಎಂದು ಕೇಳಬೇಕಾಗಲಿಲ್ಲ.

"ಇವನು ಯಾರೋ?" ಎಂದ.

ನಾನು ಬಗ್ಗಿ ನೋಡಿದೆ. ಹೆಂಗಸಿನ ಎದುರಿಗೆ ಒಬ್ಬ ದಪ್ಪ ಮನುಷ್ಯ ಕೂತಿದ್ದ. ಬಾಯಿ ಅಗಲಿಸಿ ಮಾತಾಡುತ್ತಿದ್ದ. ಅವನ ತಲೆಯ ಮೇಲೆಲ್ಲ ಮಾತಿನ ಗುಳ್ಳೆಗಳು, ಒಂದರ ಮೇಲೊಂದು. ಮೀನಿನ ದರ, ದೋಣಿಯ ರಿಪೇರಿ, ತನ್ನ ಸೊಂಟನೋವು. ಹೆಂಗಸು ಅವನಿಗೇ ಟೀ ಬಗ್ಗಿಸಿ, ಅವನ ಮಾತಿಗೇ ತಲೆ ಆಡಿಸುತ್ತಿದ್ದಳು.

ವಾಸು ಆ ಗುಳ್ಳೆಗಳನ್ನು ಒಂದನ್ನೂ ಬಿಡದೆ ಓದಿದ. ಓದಿ ಪುಸ್ತಕವನ್ನು ತೊಡೆಯ ಮೇಲೆ ಮಗುಚಿಟ್ಟ. ಪದ್ಮಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು, ಅವನು ಎಡ ಅಂಚಿನವರೆಗೆ ಹೋಗಿ ಬಂದಿದ್ದನಲ್ಲ, ಅದಕ್ಕೆ. ಅವನ ಮುಖ ಮಾತ್ರ ಮಂಕಾಗಿತ್ತು.

"ಸೀನ," ಎಂದ, "ನಾನು ಓದಿದ್ದೇ ಚೆನ್ನಾಗಿತ್ತಲ್ಲೋ."

"ಚೆನ್ನಾಗಿತ್ತು," ಎಂದೆ. "ಅವರಿಗೆ ಬರಲ್ಲ ಬಿಡೋ."

ಅವನು ಈಗ ಭಾನುವಾರಗಳಿಗೆ ಬರುತ್ತಾನೆ. ಗೋಡೆಗೆ ಎಡಭುಜ ತಾಗುವ ಹಾಗೆ ಕೂರಿಸುತ್ತೇವೆ, ಹಾಗೆ ಕೂತರೆ ಯಾರೂ ಆ ಕಡೆಯಿಂದ ಬರಲಾಗುವುದಿಲ್ಲ. ಸ್ಕೂಲಿಗೆ ಇನ್ನೂ ಹೋಗಿಲ್ಲ, ಜೂನ್ ಹೊತ್ತಿಗೆ ನೋಡೋಣ ಎಂದಿದ್ದಾರೆ. ನಮ್ಮ ಕಟ್ಟುಪಾಡು ಸಡಿಲವಾಗಿದೆ. ಹೋದ ವಾರ ಮೈತ್ರಿ, "ಈ ಸಲದ ಸಂಚಿಕೇಲಿ ಬಣ್ಣ ಯಾಕೋ ಡಲ್ ಅನಿಸ್ತು," ಎಂದಳು. ನಾವು ಮೂವರೂ ಒಟ್ಟಿಗೆ ಅವಳ ಕಣ್ಣು ನೋಡಿದೆವು. ರಂಗ ಅವಳ ಪುಸ್ತಕಕ್ಕೆ ಕೈ ಚಾಚಿದ. ಅವಳೂ ಚೀಲದಿಂದ ತೆಗೆದು ಕೊಟ್ಟಳು. ಬಣ್ಣ ನಿಜಕ್ಕೂ ಡಲ್ಲಾಗಿತ್ತು. ಎಲ್ಲರಿಗೂ ಎಷ್ಟು ನಿರಾಳವಾಯಿತೆಂದರೆ ಮತ್ತೊಂದು ಸಲ ಕಾಫಿ ಹೇಳಿದೆವು.

ದೀಪಸ್ತಂಭದ ಸಂಪುಟ ನನಗೆ ವಾಪಸು ಬಂದಿದೆ. ರಂಗ ಹೇಳಿದ ಹಾಗೆ ಪಟ್ಟಿ ಕಿತ್ತರೆ ಕಾಗದ ಸಮೇತ ಬರುತ್ತದೆ, ಆದ್ದರಿಂದ ಕೀಳಲಿಲ್ಲ. ಒಂದು ಮಧ್ಯಾಹ್ನ ಅದನ್ನು ತೆರೆದು, ಪುಟದ ಎಡ ಅರ್ಧದ ಮೇಲೆ ಒಂದು ಬಿಳಿ ಕಾರ್ಡಿಟ್ಟು ಓದಿ ನೋಡಿದೆ. ಮುದುಕ ಖಾಲಿ ಸಮುದ್ರಕ್ಕೆ ಕೈಬೀಸುತ್ತಿದ್ದ. ಒಂದೂ ಹಡಗಿರಲಿಲ್ಲ. ಆದರೂ ಅದು ವಾಸುವಿನ ಓದಾಗಲಿಲ್ಲ. ಅಲ್ಲೊಂದು ಕಾರ್ಡಿದೆಯೆಂದು ನನಗೆ ಗೊತ್ತಿತ್ತು.

ಕಾರ್ಡು ತೆಗೆದೆ. ಕಣ್ಣು ಮೊದಲು ಕೆಂಪಿಗೆ ಹೋಯಿತು. ಅಲ್ಲಿಂದ ಓದತೊಡಗಿದೆ.